ಮನೆಯಲ್ಲಿಟ್ಟುಕೊಳ್ಳಬಹುದಾದ ದೆವ್ವಗಳು

ನಮ್ಮ ಅಣ್ಣನ ಮೊಮ್ಮಗಳು ಋತುಜಾ ಸಾಂಗ್ಲಿಯಲ್ಲಿ ನಾಲ್ಕಾರು ಗೆಳತಿಯರನ್ನು ಕೂಡಿಸಿಕೊಂಡು ಹಳೆಯ ಸಿನಿಮಾ ನೋಡುವ ಮಂಡಳಿಯೊಂದನ್ನು ಮಾಡಿಕೊಂಡಿದ್ದಾಳೆ. ಅವರ ಮನೆಯ ಒಂದು ಕೋಣೆಯ ತುಂಬ ಡಿಸ್ಕುಗಳೇ. ಈಚೆಗೆ ಒಂದು ದಿನ ಬಂದು ನನ್ನೆದುರು ಕುಳಿತು, "ಅಜ್ಜಾ, ಬ್ಲ್ಯಾಕ್ ಆಂಡ್ ವೈಟ್ ದೆವ್ವದ ಪಿಚ್ಚರ್ ಯಾವ್ಯಾವು ಮನ್ಯಾಗ ಇಡಬೇಕು, ಸಾಂಗಾ ನಾ" ಎಂದಳು. ಅವಳಿಗೆ ಕನ್ನಡ ಪೂರಾ ತಿಳಿಯುತ್ತದೆ, ಆಡಲು ಹೋದರೆ 'ಹೇಳು' ಎನ್ನುವ ಕಡೆ 'ಸಾಂಗಾ' ಎಂದು ಅರ್ಧಕ್ಕೇ ಮರಾಠಿ ಬಂದುಬಿಡುತ್ತದೆ. ಮನೆಯಲ್ಲಿ ದೆವ್ವ ಇಟ್ಟುಕೊಳ್ಳಲಿಕ್ಕೂ ಹಿರಿಯರ ಸಲಹೆ ಕೇಳುವ ಕಾಲ ಬಂತಲ್ಲ ಎಂದು ನನಗೆ ನಗು ಬಂತು.

ಸುಮ್ಮನೆ ಹೆಸರು ಹೇಳಿ ಕೈತೊಳೆದುಕೊಳ್ಳಲು ನನಗೆ ಬರುವುದಿಲ್ಲ. ನಾನು ಚಿತ್ರಗಳನ್ನು ಕುರ್ಚಿಯಲ್ಲಿ ಕುಳಿತು ನೋಡಿದವನಲ್ಲ, ಮಷಿನಿನ ಪಕ್ಕದ ಸಣ್ಣ ಕಿಂಡಿಯಿಂದ ನೋಡಿದವನು. ಮಿರಜಿನ ಟಾಕೀಜಿನಲ್ಲಿ ಆಪರೇಟರ್ ಆಗಿ, ಆಮೇಲೆ ಸಾಂಗ್ಲಿಯಲ್ಲಿ ಕ್ಯಾಸೆಟ್ ಅಂಗಡಿ ಇಟ್ಟುಕೊಂಡು ಕಂಡದ್ದನ್ನು ಬರೆದುಕೊಡುತ್ತೇನೆ, ಅದರಲ್ಲಿ ಬೇಕಾದ್ದನ್ನು ಆರಿಸಿಕೋ ಎಂದೆ. ಋತುಜಾಳ ಹಾಗೆ ಈ ಹುಚ್ಚಿಗೆ ಬಿದ್ದವರಿಗೂ, ಗುಂಡಿ ಒತ್ತಿದರೆ ಚಿತ್ರ ಓಡುವ ಇಂದಿನ ಟಾಕೀಜುಗಳಲ್ಲಿ ಕೆಲಸಕ್ಕೆ ಸೇರುವವರಿಗೂ ಇದು ಇರಲಿ.

ಮಿರಜ್ ಪೇಟೆಯಲ್ಲಿ ನಮ್ಮದು ಬೆಲ್ಲದ ಅಂಗಡಿ. ಮನೆಯಲ್ಲಿ ಕನ್ನಡ, ಗಿರಾಕಿಯ ಜೊತೆ ಮರಾಠಿ, ಹಣೆಯ ಮೇಲೆ ವಿಭೂತಿ. ನಾನು ಗಾದಿಯ ಮೇಲೆ ಕೂರುವುದನ್ನು ಬಿಟ್ಟು ಟಾಕೀಜು ಸೇರಿದಾಗ ಅಪ್ಪ ಬಂದ ಗಿರಾಕಿಗೆಲ್ಲ, "ಕೊಳ್ಳಾಗ ಲಿಂಗ ಕಟ್ಟಿಕೊಂಡು ದೆವ್ವಾ ಕುಣಿಸಾಕ ಹೋಗ್ಯಾನ ನಮ್ಮ ಈರಣ್ಣ" ಎಂದು ಹೇಳುತ್ತಿದ್ದ. ಬೈಗುಳವಾದರೂ ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಆಗ ಕ್ಯಾಬಿನ್ನಿನಲ್ಲಿ ಎರಡು ಮಷಿನುಗಳು. ಒಂದರಲ್ಲಿ ರೀಲು ಮುಗಿಯುತ್ತ ಬಂದಾಗ ಪರದೆಯ ಬಲಮೂಲೆಯಲ್ಲಿ ಒಂದು ಚುಕ್ಕೆ ಮಿನುಗುತ್ತಿತ್ತು. ಅದನ್ನು ಕಂಡೊಡನೆ ಎರಡನೆಯ ಮಷಿನು ಶುರು ಮಾಡಬೇಕು. ಬೆಳಕು ಬರುತ್ತಿದ್ದದ್ದು ಬಲ್ಬಿನಿಂದಲ್ಲ, ಉರಿಯುವ ಎರಡು ಕಾರ್ಬನ್ ಕಡ್ಡಿಗಳಿಂದ. ಕಡ್ಡಿ ಸವೆದಂತೆಲ್ಲ ಹತ್ತಿರ ಸರಿಸುತ್ತ ಇರಬೇಕು. ಸ್ವಲ್ಪ ಮೈಮರೆತರೂ ಪರದೆ ಹಳದಿಗೆ ತಿರುಗುತ್ತಿತ್ತು, ಕೆಳಗಿನಿಂದ ಜನ ಸೀಟಿಗಳ ಜೊತೆಗೆ ನಮ್ಮ ತಾಯಂದಿರನ್ನೂ ನೆನೆಯುತ್ತಿದ್ದರು. ಬೇಸಿಗೆಯಲ್ಲಿ ಆ ಕ್ಯಾಬಿನ್ ಭಟ್ಟಿಯಾಗುತ್ತಿತ್ತು. ಆದರೂ ಹೇಳುತ್ತೇನೆ, ಕಾರ್ಬನ್ ಹೊಗೆಯ ಆ ವಾಸನೆಗಾಗಿ ನನ್ನ ಜೀವ ಈಗಲೂ ಹಂಬಲಿಸುತ್ತದೆ. ಮಿರಜಿನಲ್ಲಿ ಆ ಟಾಕೀಜು ಇದ್ದ ಜಾಗದ ಮುಂದೆ ಹೋಗುವುದನ್ನು ನಾನು ಬಿಟ್ಟೇಬಿಟ್ಟಿದ್ದೇನೆ, ಸುತ್ತು ಹಾಕಿಕೊಂಡು ಸಂತೆಗೆ ಹೋಗುತ್ತೇನೆ.

ನಮ್ಮ ಹಿರಿಯ ಆಪರೇಟರ್ ದಸ್ತಗೀರ ಮಾಮಾ. ದರ್ಗಾದ ಹಿಂದಿನ ಓಣಿಯವನು. ಅವನ ಅಣ್ಣತಮ್ಮಂದಿರು ಸಿತಾರ ಮಾಡುವವರು, ಇವನ ಕಿವಿಯೂ ಹಾಗೇ. ಮಷಿನಿನ ಸದ್ದು ಕೇಳಿಯೇ ಎಲ್ಲಿ ಫಿಲ್ಮಿನ ಅಂಚು ಹರಿದಿದೆ ಎಂದು ಹೇಳುತ್ತಿದ್ದ. ಕಪ್ಪು ಬಿಳುಪಿನ ದೆವ್ವದ ಚಿತ್ರ ಬಂತೆಂದರೆ ಅವನಿಗೆ ಹಬ್ಬ. ನನ್ನನ್ನು ಮಷಿನು ಮುಟ್ಟಗೊಡುತ್ತಿರಲಿಲ್ಲ. "ಬೆಳಕು ಜಾಸ್ತಿ ಆತು ಅಂದ್ರ ದೆವ್ವ ಹೋಗಿ ಹೆಣ್ಣಮಗಳ ಆಕ್ಕಾಳ. ಕಮ್ಮಿ ಆತು ಅಂದ್ರ ಏನೂ ಕಾಣಂಗಿಲ್ಲ. ನಡಕ್ಕ ಒಂದು ಜಾಗಾ ಐತಿ ನೋಡ, ಅಲ್ಲೇ ನಿಂದ್ರಸಬೇಕು" ಎನ್ನುತ್ತಿದ್ದ. ಆ ಜಾಗ ಹಿಡಿಯುವುದು ನನಗೆ ವರ್ಷಗಳ ಮೇಲೆ ಬಂತು.

ಋತುಜಾ, ನೀನು ಮನೆಯಲ್ಲಿ ಇಡುವ ಚಿತ್ರವನ್ನು ಹೀಗೆ ಪರೀಕ್ಷೆ ಮಾಡು. ಹೆದರಿಕೆಯ ಜಾಗ ಬಿಟ್ಟು ಸುಮ್ಮನೆ ಒಂದು ಕೋಣೆ ತೋರಿಸುವ ಕಡೆ ನಿಲ್ಲಿಸಿ ಮೂಲೆ ನೋಡು. ಮೂಲೆಯಲ್ಲಿ ಕತ್ತಲೆಯೂ ಇರಬೇಕು, ಕತ್ತಲೆಯ ಒಳಗೆ ಮತ್ತೊಂದು ಕತ್ತಲೆಯೂ ಇರಬೇಕು. ಬರೀ ಡಾಂಬರು ಬಳಿದಂತೆ ಕಂಡರೆ ಅದು ಪ್ರತಿಯ ಪ್ರತಿಯ ಪ್ರತಿ, ತರಬೇಡ. ಇನ್ನೊಂದು, ದೆವ್ವ ಬೇಗ ಬೇಗ ಬರುವ ಚಿತ್ರ ಒಂದು ಸಲಕ್ಕಷ್ಟೇ. ಸತ್ತವನ ಅಳತೆಗೆ ಅಂಗಿ ಹೊಲಿಯುತ್ತ ಕೂರುವ ದರ್ಜಿಯ ಚಿತ್ರವೊಂದನ್ನು ನಾವು ಓಡಿಸಿದ್ದೆವು. ಕೊನೆಯವರೆಗೂ ದೆವ್ವದ ಮೋರೆ ಕಾಣುವುದಿಲ್ಲ, ಗೂಟಕ್ಕೆ ಹಾಕಿದ ಅಂಗಿಯ ತೋಳು ಮಾತ್ರ ಒಮ್ಮೆ ತುಂಬಿಕೊಳ್ಳುತ್ತದೆ. ಮರುದಿನ ಪೇಟೆಯಲ್ಲಿ ಜನ ತಮ್ಮ ಒಗೆದ ಅಂಗಿಯನ್ನೇ ಅನುಮಾನದಿಂದ ನೋಡುತ್ತಿದ್ದರು. ಅಂಥದು ಸಿಕ್ಕರೆ ಕಣ್ಣುಮುಚ್ಚಿ ತೆಗೆದುಕೋ.

ರವಿವಾರ ಬೆಳಗಿನ ಆಟಕ್ಕೆ ಇಂಗ್ಲಿಷಿನ ದೆವ್ವಗಳು ಬರುತ್ತಿದ್ದವು. ಅದಕ್ಕೆ ಡಾಕ್ಟರಿಕೆ ಕಲಿಯುವ ಹುಡುಗರೇ ಹೆಚ್ಚು. ದಿನಾ ಹೆಣ ಕೊಯ್ಯುವವರು, ಪರದೆಯ ಮೇಲೆ ಹೆಣ ಎದ್ದು ಕುಳಿತರೆ ಅದರ ಎಲುಬು ತಪ್ಪು ಜಾಗದಲ್ಲಿದೆ ಎಂದು ನಗುತ್ತಿದ್ದರು. ಒಂದು ಸಲ ಹಾಗೆಯೇ ನಗುತ್ತಿರುವಾಗ ಟಾಕೀಜಿನದೇ ಬೆಕ್ಕು ಬಾಲ್ಕನಿಯಿಂದ ಕೆಳಗೆ ಒಬ್ಬನ ತೊಡೆಯ ಮೇಲೆ ಹಾರಿತು. ಆ ಸಾಲಿಗೆ ಸಾಲೇ ಎದ್ದು ಬಾಗಿಲಿಗೆ ಓಡಿತು. ಮಾಮಾ ಕಿಂಡಿಯಿಂದ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ.

ನಾವು ಮಾಡಿದ ಎಡವಟ್ಟುಗಳೂ ಕಡಿಮೆಯಲ್ಲ. ರೈಲಿನಿಂದ ಇಳಿದ ಪೆಟ್ಟಿಯಲ್ಲಿ ರೀಲುಗಳ ಡಬ್ಬಿ ಅದಲುಬದಲಾಗಿ, ಒಂದು ಚಿತ್ರದಲ್ಲಿ ಜಮೀನ್ದಾರ ಮೊದಲು ದೆವ್ವವಾಗಿ ಬಂದು ಆಮೇಲೆ ಸತ್ತ. ಯಾರೂ ತಕರಾರು ಮಾಡಲಿಲ್ಲ. ಕವಲಾಪುರದಿಂದ ಬಂದಿದ್ದ ಒಬ್ಬ ಗೌಡರು ಮ್ಯಾನೇಜರನ್ನು ಕರೆದು, "ಕತಿ ಭಾಳ ಖೋಲ, ಭಾಳ ಆಳ ಐತ್ರಿ, ಇನ್ನೊಮ್ಮೆ ನೋಡಬೇಕು" ಎಂದು ಹೇಳಿ ಹೋದರು. ಎರಡನೆಯ ಆಟಕ್ಕೆ ರೀಲು ಸರಿಮಾಡಿದ್ದೆವು. ಈ ಸಲ ಅವರಿಗೆ ಅಷ್ಟು ರುಚಿಸಲಿಲ್ಲ.

ಈಗ ಮುಖ್ಯವಾದದ್ದು. ವಾರದಲ್ಲಿ ಒಂದು ದಿನ ಮಧ್ಯಾಹ್ನ ಹೆಂಗಸರ ಆಟ ಇರುತ್ತಿತ್ತು. ಪೇಟೆಯ ಸೆಟ್ಟರ ಮನೆಯವರು, ಹಮಾಲರ ಮನೆಯವರು, ಸುತ್ತಿನ ಹಳ್ಳಿಯವರು ಎಲ್ಲ ಕೂಡಿ ಬರುತ್ತಿದ್ದರು. ಬಸುರಿಯರು ದೆವ್ವ ನೋಡಬಾರದು, ಕೂಸಿಗೆ ಆಗಿಬರುವುದಿಲ್ಲ ಎಂಬ ನಂಬಿಕೆ. ಹಾಗೆಂದು ಸಿನಿಮಾ ಬಿಡಲೂ ಮನಸ್ಸಿಲ್ಲ. ಅದಕ್ಕೆ ನಮ್ಮ ಟಾಕೀಜಿನಲ್ಲಿ ಒಂದು ರೂಢಿ ಬೆಳೆದಿತ್ತು. ಆಟಕ್ಕೆ ಮುಂಚೆ ಯಾರಾದರೂ ಮುದುಕಿ ಕ್ಯಾಬಿನ್ನಿನ ಮೆಟ್ಟಿಲ ಕೆಳಗೆ ನಿಂತು, ಇಂಥವರು ಬಸುರಿ ಇದ್ದಾರೆ ಎಂದು ಹೇಳಿ ಹೋಗುತ್ತಿದ್ದಳು. ಅಂದು ದೆವ್ವ ಮೋರೆ ತೋರಿಸುವ ಹೊತ್ತಿಗೆ ಮಾಮಾ ಮಷಿನಿನ ಗಾಜಿನ ಮುಂದೆ ಅಂಗೈ ಅಡ್ಡ ಹಿಡಿಯುತ್ತಿದ್ದ. ಪರದೆ ಕತ್ತಲಾಗುತ್ತಿತ್ತು, ಸದ್ದು ಮಾತ್ರ ಕೇಳುತ್ತಿತ್ತು. ದೆವ್ವ ದಾಟಿದ ಮೇಲೆ ಕೈ ತೆಗೆಯುತ್ತಿದ್ದ. ಕಾಣದ್ದಕ್ಕೇ ಹೆಂಗಸರು ಇನ್ನೂ ಜೋರಾಗಿ ಚೀರುತ್ತಿದ್ದರು ಅನ್ನುವುದು ಬೇರೆ ಮಾತು. ಯಾವ ಕ್ಷಣಕ್ಕೆ ಕೈ ಹಿಡಿಯಬೇಕು, ಯಾವಾಗ ತೆಗೆಯಬೇಕು ಎನ್ನುವುದರಲ್ಲಿ ಮಾಮಾನಿಗೆ ಬಹಳ ಅಭಿಮಾನವಿತ್ತು.

ಆ ಕಾಲಕ್ಕೆ ಲಿಂಗನೂರಿನ ಒಂದು ಹೊಲದ ಮೆಟ್ಟಿಲುಬಾವಿಗೆ ಮರಾಠಿ ಚಿತ್ರದ ಕಂಪನಿಯೊಂದು ಬಂದಿತ್ತು. ಕತೆಯಲ್ಲಿ ನಾಯಕನ ಮೊದಲ ಹೆಂಡತಿ ಬಾವಿಗೆ ಬಿದ್ದು ದೆವ್ವವಾಗಿರುತ್ತಾಳೆ. ಆ ಪಾತ್ರಕ್ಕೆ ಬಂದಿದ್ದ ನಟಿ ಪಾಚಿಗಟ್ಟಿದ ಮೆಟ್ಟಿಲು ನೋಡಿ ಇಳಿಯಲು ಸುತರಾಂ ಒಪ್ಪಲಿಲ್ಲವಂತೆ. ಪಕ್ಕದ ಅರಿಶಿನದ ಹೊಲದಲ್ಲಿ ಕಸ ತೆಗೆಯುತ್ತಿದ್ದ ಹೆಣ್ಣಾಳುಗಳಲ್ಲಿ ನೀಲವ್ವ ಎಂಬವಳು ಅದೇ ಎತ್ತರ ಇದ್ದಳು. ಅಥಣಿ ಕಡೆಯಿಂದ ಗಂಡನ ಜೊತೆ ದುಡಿಯಲು ಬಂದವಳು. ಅವಳಿಗೇ ಬಿಳಿ ಸೀರೆ ಉಡಿಸಿ ಬಾವಿಗೆ ಇಳಿಸಿದರು. ಮೊದಲು ಬೆನ್ನು ಸಾಕು ಎಂದವರು ಆಮೇಲೆ ತಿರುಗಿ ನಗು ಅಂದರಂತೆ. ತಿರುಗಿ ನಕ್ಕಳು. ಊರಿಗೆಲ್ಲ ತಾನು ಪಿಚ್ಚರಿನಲ್ಲಿ ಬರುತ್ತೇನೆ ಎಂದು ಹೇಳಿಕೊಂಡು ಬಂದಳು.

ಆ ಚಿತ್ರ ನಮ್ಮ ಟಾಕೀಜಿಗೆ ಬಂತು. ನನಗಂತೂ ಆ ಬಾವಿಯ ದೃಶ್ಯ ಬಂದಾಗಲೆಲ್ಲ ಬೆನ್ನಹುರಿಯಲ್ಲಿ ತಣ್ಣೀರು ಹರಿದಂತಾಗುತ್ತಿತ್ತು. ದೆವ್ವ ಮೋರೆ ತೋರಿಸುವುದು ಇಡೀ ಚಿತ್ರದಲ್ಲಿ ಅದೊಂದೇ ಸಲ. ಮೇಲಕ್ಕೆ ನೋಡಿ ನಗುತ್ತಾಳೆ, ಅಷ್ಟೇ. ಇಡೀ ಟಾಕೀಜು ಕಿರುಚುತ್ತಿತ್ತು.

ಕೊನೆಯ ದಿನದ ಹೆಂಗಸರ ಆಟಕ್ಕೆ ನೀಲವ್ವ ಲಿಂಗನೂರಿನ ಹೆಂಗಸರನ್ನೆಲ್ಲ ಬಸ್ಸಿನಲ್ಲಿ ಕರೆದುಕೊಂಡು ಬಂದಳು. ಅವರಲ್ಲಿ ಗಂಗವ್ವ ಎಂಬ ಮುದುಕಿಯ ಸೊಸೆ ಬಸುರಿ. ಗಂಗವ್ವ ರೂಢಿಯಂತೆ ಮೆಟ್ಟಿಲ ಹತ್ತಿರ ಬಂದು, "ಯಪ್ಪಾ, ನಮ್ಮ ಸೊಸಿಗೆ ದಿನಾ ತುಂಬ್ಯಾವ್ರಿ. ದೆವ್ವ ಬಂದಾಗ ಅಷ್ಟ ಅಡ್ಡ ಹಿಡೀರಿ" ಎಂದಳು. "ಆತವ್ವಾ" ಎಂದ ಮಾಮಾ. ಆ ದೆವ್ವ ಇವರ ಜೊತೆಗೇ ಕುಳಿತಿದೆ ಎಂದು ಅವನಿಗೂ ನನಗೂ ಏನು ಗೊತ್ತು? ಪಿಚ್ಚರಿನಲ್ಲಿ ನೀಲವ್ವನ ವೇಷ ದೆವ್ವದ್ದು ಎಂದು ಗಂಗವ್ವನಿಗಾದರೂ ಏನು ಗೊತ್ತು? ಬಾವಿಯ ದೃಶ್ಯ ಬಂತು, ಮಾಮಾನ ಅಂಗೈ ಅಡ್ಡ ಬಂತು. ನೀರಿನ ಸದ್ದು, ಕಾಲುಂಗುರದ ಸದ್ದು, ಕತ್ತಲೆ. ಕೈ ತೆಗೆದಾಗ ನಾಯಕ ಹೊಲದಲ್ಲಿ ಓಡುತ್ತಿದ್ದ.

ಆಟ ಬಿಟ್ಟ ಮೇಲೆ ಅಂಗಳದಲ್ಲಿ ನಗೆಯೋ ನಗೆ. "ಎಲ್ಲಿ ಇದ್ದಿ ಬೇ ನೀಲೀ? ಕತ್ತಲಾಗ ಕುಂತಿದ್ದೇನ?" ಎಂದು ಒಬ್ಬಳು. "ಆಕಿನ್ನ ನೋಡಾಕ ಕಂದೀಲ ತರಬೇಕಿತ್ತವಾ" ಎಂದು ಇನ್ನೊಬ್ಬಳು. ನೀಲವ್ವ ಸೊಂಟದ ಮೇಲಿನ ಮಗಳನ್ನು ಎತ್ತಿಕೊಂಡೇ ಕ್ಯಾಬಿನ್ನಿನ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತಳು.

"ಮಾಮಾ, ಎಲ್ಲಾರನೂ ತೋರಿಸಿದ್ರಿ. ನನ್ನ ಒಬ್ಬಾಕಿನ್ನ ಯಾಕ ಮುಚ್ಚಿದ್ರಿ?"

ಮಾಮಾ ಅವಳ ಮೋರೆ ನೋಡಿದ. ವಾರವಿಡೀ ಕಿಂಡಿಯಿಂದ ನೋಡಿದ್ದ ಮೋರೆ. "ಯಾ ಅಲ್ಲಾ, ಅದು ನೀ ಏನವ್ವಾ?" ಎಂದ. ಅಷ್ಟೊತ್ತಿಗೆ ಪೆಟ್ಟಿ ಒಯ್ಯುವವನು ಬಂದು ನಿಂತಿದ್ದ, ಸಂಜೆಯ ಗಾಡಿಗೆ ಚಿತ್ರ ಬೇರೆ ಊರಿಗೆ ಹೋಗಬೇಕಿತ್ತು. ಮುಂದಿನ ಸಲ ಬಂದಾಗ ಕುರ್ಚಿ ಹಾಕಿ ಕೂರಿಸಿ ತೋರಿಸುತ್ತೇನೆ ಎಂದು ಮಾಮಾ ಮಾತು ಕೊಟ್ಟ. "ಆತ್ರಿ" ಎಂದು ಅವಳು ಇಳಿದು ಹೋದಳು. ಆ ಚಿತ್ರ ಮಿರಜಿನಲ್ಲಿ ಮತ್ತೆ ಆಟಕ್ಕೆ ಬರಲಿಲ್ಲ. ಊರಲ್ಲಿ ಅವಳಿಗೆ ಕತ್ತಲೆಯ ಹೀರೋಯಿನ್ ಎಂಬ ಹೆಸರೇ ಉಳಿಯಿತು. ಕೆಲವು ವರ್ಷಕ್ಕೆ ಜ್ವರ ಬಂದು ತೀರಿಕೊಂಡಳು ಎಂದು ಸುದ್ದಿ ಬಂತು.

ಮುಂದೆ ಟಿವಿ ಬಂದು, ಟಾಕೀಜುಗಳ ದಿನ ಕೆಟ್ಟು, ನಾನು ಸಾಂಗ್ಲಿಯಲ್ಲಿ ಕ್ಯಾಸೆಟ್ ಅಂಗಡಿ ಇಟ್ಟೆ. ಆ ಕೆಲಸದಲ್ಲೂ ಕಲಿಯುವುದಿತ್ತು. ಮದುವೆಗೆ ಯಾವ ಕ್ಯಾಸೆಟ್ ಕೊಡಬೇಕು, ಬಾಣಂತಿಯ ಮನೆಗೆ ಯಾವುದು ಕೊಡಬಾರದು, ಬೂಷ್ಟು ಹಿಡಿದ ಟೇಪನ್ನು ಹೇಗೆ ಒರೆಸಬೇಕು, ಎಲ್ಲ. ದೆವ್ವದ ಕ್ಯಾಸೆಟ್ಟುಗಳಿಗೆ ಒಂದು ಕಪಾಟು ಬೇರೆಯೇ ಇಟ್ಟಿದ್ದೆ. ಒಂದು ದಿನ ಆ ಕಪಾಟಿನ ಮುಂದೆ ಒಬ್ಬ ಹೆಣ್ಣುಮಗಳು ಬಂದು ನಿಂತಳು. ಮಿರಜಿನ ಒಂದು ಆಸ್ಪತ್ರೆಯಲ್ಲಿ ಆಯಾ ಕೆಲಸ, ಹೆಸರು ಶೋಭಾ. ಅಂದು ಸೊಂಟದ ಮೇಲಿದ್ದ ಕೂಸು ಇವಳೇ ಎಂದು ಮಾತಾಡುತ್ತ ತಿಳಿಯಿತು.

"ಅವ್ವಂದು ಒಂದು ಫೋಟೋ ಸೈತ ಇಲ್ರಿ ಕಾಕಾ. ಇತ್ತಿತ್ಲಾಗ ಮಾರಿ ನೆನಪಿಗೆ ಬರವಲ್ದು. ಕೈ ನೆನಪೈತಿ, ಸೀರಿ ಸೆರಗು ನೆನಪೈತಿ. ಮಾರಿ ಬರವಲ್ದು. ಆ ಪಿಚ್ಚರ್ ಒಂದು ಹುಡುಕಿ ಕೊಡ್ರಿ" ಎಂದಳು.

ಅಂದಿನಿಂದ ನಾನು ಕೊಲ್ಹಾಪುರ, ಪುಣೆ, ಮುಂಬೈಯ ವ್ಯಾಪಾರಿಗಳನ್ನೆಲ್ಲ ಕೇಳತೊಡಗಿದೆ. ಶೋಭಾ ಸಾಂಗ್ಲಿಗೆ ಬಂದಾಗಲೆಲ್ಲ ಅಂಗಡಿಗೆ ಬಂದು, "ಬಂತೇನ್ರಿ?" ಎನ್ನುವಳು. ಇಲ್ಲ ಎಂದರೆ, "ಹಂಗಾರ ಹ್ಯಾಂಗ ಕಾಣ್ತಿದ್ಲು, ಹೇಳ್ರಿ" ಎಂದು ಬೆಂಚಿನ ಮೇಲೆ ಕೂರುವಳು. ನಾನು ಹೇಳುತ್ತಿದ್ದೆ. ಕೂದಲು ಬಿಚ್ಚಿ ಬಿಟ್ಟುಕೊಂಡು ಬೆನ್ನು ಮಾಡಿ ನಿಂತಿರುತ್ತಾಳೆ, ತಿರುಗುತ್ತಾಳೆ, ಎದೆ ನಡುಗುವ ಹಾಗೆ ನಗುತ್ತಾಳೆ ಎಂದು. ಶೋಭಾ, "ಅಷ್ಟು ಅಂಜಿಕಿ ಬರೂ ಹಂಗ ಇದ್ಲೇನ್ರಿ ನಮ್ಮವ್ವ?" ಎಂದು ಕೇಳುವಳು. "ಪಿಚ್ಚರದಾಗಷ್ಟ ಹಂಗವಾ" ಎನ್ನುತ್ತಿದ್ದೆ. ಹೇಳಿ ಹೇಳಿ ನನಗೆ ನೆನಪಿರುವುದು ಆ ದೃಶ್ಯವೋ ನನ್ನ ಮಾತೋ ಎಂಬ ಸಂಶಯ ನನಗೇ ಶುರುವಾಯಿತು.

ಕಡೆಗೆ ಒಂದು ಕ್ಯಾಸೆಟ್ ಸಿಕ್ಕಿತು, ಅದೂ ಮಿರಜಿನಲ್ಲೇ. ಒಬ್ಬ ವಿಡಿಯೋದವನು ಹಳೆಯ ಚಿತ್ರಗಳ ಪೆಟ್ಟಿ ತರಿಸಿ, ಖಾಲಿ ಟಾಕೀಜಿನಲ್ಲಿ ಓಡಿಸಿ, ಪರದೆಯ ಮುಂದೆ ಕ್ಯಾಮೆರಾ ಇಟ್ಟು ಕ್ಯಾಸೆಟ್ ಮಾಡುತ್ತಿದ್ದ. ಮಷಿನು ನಡೆಸಲು ಮುದುಕನಾದ ದಸ್ತಗೀರ ಮಾಮಾನನ್ನೇ ಕರೆಸಿದ್ದ. ಶೋಭಾ ರಜೆ ಹಾಕಿ ಬಂದಳು. ಅಂಗಡಿಯ ಬಾಗಿಲು ಅರ್ಧ ಎಳೆದು ನೋಡಲು ಕುಳಿತೆವು. ಬಾವಿ ಬಂತು, ಕೂದಲೂ ಗೊತ್ತಾಗದಷ್ಟು ಮಸುಕಾಗಿ ಬಿಳಿ ಸೀರೆಯ ಬೆನ್ನು ಬಂತು, ಪರದೆ ಕಪ್ಪಾಯಿತು. ನೀರಿನ ಸದ್ದು, ಕಾಲುಂಗುರದ ಸದ್ದು. ಟೇಪು ಕೆಟ್ಟಿದೆ ಎಂದು ಮೊದಲು ಅಂದುಕೊಂಡೆ. ಆಮೇಲೆ ನೋಡಿದರೆ ಆ ಕಪ್ಪಿನ ಅಂಚಿನಲ್ಲಿ ಬೆರಳ ಸಂದಿಯಷ್ಟು ಬೆಳಕು ಕಂಡಿತು.

ಸಿಟ್ಟಿನಿಂದ ಮಾಮಾನ ಮನೆಗೆ ಹೋದೆ. "ಖಾಲಿ ಟಾಕೀಜಿನ್ಯಾಗ ಯಾರು ಬಸರಿ ಇದ್ರು ಮಾಮಾ?" ಎಂದೆ. ಅವನಿಗೆ ಮೊದಲು ತಿಳಿಯಲೇ ಇಲ್ಲ. ತಿಳಿದ ಮೇಲೆ ತನ್ನ ಬಲಗೈಯನ್ನು ತಿರುವಿ ತಿರುವಿ ನೋಡಿಕೊಂಡ. "ನಾ ಹಿಡಿದಿಲ್ಲೋ ಈರಣ್ಣಾ. ಅದ ಹೋಗೇತಿ" ಎಂದ. ಅವನನ್ನು ಬೈಯದೆ ಹೊರಟು ಬಂದೆ. ಶೋಭಾಳಿಗೆ ಹೇಳಿದಾಗ ಅವಳು ನಕ್ಕಳು, ನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಇರಲಿ ಬಿಡ್ರಿ, ಬೆನ್ನರೇ ಕಂಡ್ತಲ್ಲ" ಎಂದಳು. ಅದಾದ ಮೇಲೆ ಬೆನ್ನು ನೋಡಲು ಬರುತ್ತಿದ್ದಳು. ಕೃಷ್ಣೆ ಪೇಟೆಯೊಳಗೆ ಬಂದ ವರ್ಷ ಅಂಗಡಿ ಮುಳುಗಿ, ಆ ಕಪಾಟಿನ ಕ್ಯಾಸೆಟ್ಟುಗಳೆಲ್ಲ ಕೆಸರಾದವು. ಶೋಭಾ ಬಂದು, ಅದೂ ಹೋಯಿತೇ ಎಂದು ಕೇಳಿದಳು. ಹೋಯಿತು ಎಂದೆ. ಅಂಗಡಿ ಮುಚ್ಚಿದೆ. ಅವಳು ಬರುವುದೂ ನಿಂತಿತು. ಅವಳಿಗೆ ಏನೂ ಕೊಡಲಾಗಲಿಲ್ಲವಲ್ಲ ಎಂದು ನಾನು ಎಷ್ಟೋ ಸಲ ಊಟದ ತಟ್ಟೆಯ ಮುಂದೆ ಸುಮ್ಮನೆ ಕುಳಿತಿದ್ದೇನೆ.

ಈ ಕತೆಯನ್ನು ಋತುಜಾಳಿಗೆ ಹೇಳಿದಾಗ ಅವಳು ಕುಳಿತಲ್ಲೇ ಫೋನು ತೆಗೆದು ಊರೂರಿನ ತನ್ನಂಥ ಹುಚ್ಚರಿಗೆಲ್ಲ ಬರೆದಳು. ಗೋದಾಮಿನಲ್ಲಿ ಬಿದ್ದಿದ್ದ ಹಳೆಯ ಪ್ರಿಂಟುಗಳನ್ನು ಕೊಂಡು ತಂದು ಡಿಸ್ಕಿಗೆ ಇಳಿಸುವ ಒಬ್ಬನ ಹತ್ತಿರ ಆ ಚಿತ್ರ ಇತ್ತು. ಡಿಸ್ಕು ಅಂಚೆಯಲ್ಲಿ ಬಂತು. ಮೊದಲು ನಾನೊಬ್ಬನೇ ನೋಡಿಬಿಡಲೇ ಎನಿಸಿತು. ಮೋರೆ ಇಲ್ಲದಿದ್ದರೆ? ಇದ್ದು, ನಾನು ಇಷ್ಟು ವರ್ಷ ಹೇಳಿದ್ದಕ್ಕೂ ಅದಕ್ಕೂ ಸಂಬಂಧವೇ ಇಲ್ಲದಿದ್ದರೆ? ಮನಸ್ಸು ತಡೆಯಿತು, ನೋಡಲಿಲ್ಲ. ಶೋಭಾ ಆಸ್ಪತ್ರೆಯಿಂದ ನಿವೃತ್ತಳಾಗಿ ಮಿರಜಿನಲ್ಲೇ ಇದ್ದಾಳೆ ಎಂದು ತಿಳಿದು ಹೇಳಿಕಳಿಸಿದೆ.

ಹೋದ ರವಿವಾರ ಮಧ್ಯಾಹ್ನ ಅವಳು ಮೊಮ್ಮಗಳು ಆರ್ಯಾಳನ್ನು ಕರೆದುಕೊಂಡು ಬಂದಳು. ಹೊಸ ಸೀರೆ ಉಟ್ಟಿದ್ದಳು. ಋತುಜಾ ಕಿಟಕಿಗಳಿಗೆ ಚಾದರ ಕಟ್ಟಿ ಟಿವಿ ಹಚ್ಚಿದಳು. ಅರ್ಧ ಚಿತ್ರ ಮುಗಿಯುವ ತನಕ ಶೋಭಾ ಚಹಾ ಮುಟ್ಟಲಿಲ್ಲ. ಬಾವಿ ಬಂತು.

ಬಿಳಿ ಸೀರೆಯ ಬೆನ್ನು. ಕೂದಲು ಬಿಚ್ಚಿರಲಿಲ್ಲ, ಹೊಲದಿಂದ ಬಂದವಳಂತೆ ಬಿಗಿಯಾಗಿ ಗಂಟು ಕಟ್ಟಿತ್ತು. ಇಷ್ಟು ವರ್ಷ ನಾನು ಸುಳ್ಳು ಹೇಳಿದ್ದೆ. ನೀರು ಅಲುಗಿತು, ಅವಳು ತಿರುಗಿದಳು, ಮೇಲಕ್ಕೆ ನೋಡಿ ನಕ್ಕಳು. ಆರ್ಯಾ ಕಿಟಾರನೆ ಕಿರುಚಿ ಋತುಜಾಳ ಮಡಿಲಲ್ಲಿ ಮೋರೆ ಹುದುಗಿಸಿದಳು. ನನ್ನ ಮೈಯ ಕೂದಲೂ ಅಂದಿನ ಹಾಗೇ ಎದ್ದು ನಿಂತವು. ಋತುಜಾ ಗಾಬರಿಯಾಗಿ ಚಿತ್ರವನ್ನು ಅಲ್ಲೇ ನಿಲ್ಲಿಸಿದಳು. ಪರದೆಯ ತುಂಬ ನೀಲವ್ವನ ಮೋರೆ.

ಶೋಭಾ ಬಹಳ ಹೊತ್ತು ನೋಡಿದಳು. ಆಮೇಲೆ ಮೊಮ್ಮಗಳ ಬೆನ್ನ ಮೇಲೆ ಕೈ ಇಟ್ಟಳು.

"ಅಂಜಬ್ಯಾಡ ಬಾಳಾ, ನೋಡಿಲ್ಲಿ. ಇದು ಅಂಜಸೂ ನಗಿ ಅಲ್ಲ. ನಮ್ಮವ್ವ ಹೊಲದಿಂದ ಬಂದು ಬಾಗಲದಾಗ ನಿಂತು ಹಿಂಗ ನಗತಿದ್ಲು. ನಕ್ಕು, ಉಂಡಿಯೇನ ಬಾಳಾ ಅಂತ ಕೇಳ್ತಿದ್ಲು. ದಿನಾ ಹಿಂಗ."

ಆರ್ಯಾ ಬೆರಳ ಸಂದಿಯಿಂದ ನೋಡಿದಳು. ನಾನು ಕಿಂಡಿಯಿಂದ ಎಷ್ಟು ಸಲ ಆ ನಗು ನೋಡಿದ್ದೇನೋ, ಒಂದು ಸಲವೂ ಹಾಗೆ ಕಂಡಿರಲಿಲ್ಲ. ಈಗ ನೋಡಿದರೆ ಅದು ಬರೀ ದಣಿದ ತಾಯಿಯ ನಗುವಾಗಿತ್ತು. ಶೋಭಾ ಎದ್ದು ಟಿವಿಯ ಹತ್ತಿರ ಹೋಗಿ ನಿಂತಳು.

"ಉಂಡೇನಿ ಯವ್ವಾ" ಎಂದಳು.